ಅಟ್ಟದ ಮಾತು: ಕೊಟ್ಟವರಿಗೆ ಗೊತ್ತಿತ್ತಾ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಮಲೆನಾಡಿನ ಕಡೆಯವು. ಮಳೆ ಹಿಡಿದಾಗ ಸೋರುವ ಹೆಂಚು ನೋಡಲು ಜನ ಅಟ್ಟ ಹತ್ತುತ್ತಾರೆ. ಇಳಿಯುವಾಗ ಕೈಯಲ್ಲಿ ಹಳೇ ಪೆಟ್ಟಿಗೆಯೋ ಚೊಂಬೋ ಇರುತ್ತದೆ. ಹಾಸನದ ನಮ್ಮ ಮನೆಯಲ್ಲೂ ಹೀಗೇ. ಆರು ಪತ್ರ ಆರಿಸಿಕೊಂಡಿದ್ದೇನೆ. ಹೆಸರು ಹಾಕಬೇಡಿ ಎಂದು ಕೆಲವರು ಕೇಳಿದ್ದರಿಂದ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಟೀಚರ್, ನಮ್ಮ ಯಜಮಾನರು ಬ್ಯಾಂಕಿನಿಂದ ರಿಟೈರ್ ಆಗಿ ಮೂರು ವರ್ಷವಾಯಿತು. ಅದೇ ವರ್ಷ ಅತ್ತೆ ತೀರಿಕೊಂಡರು. ಅಣ್ಣತಮ್ಮಂದಿರು ಕಡೂರಿನ ಹಳೇ ಮನೆ ಮಾರಿ ಪಾಲು ಮಾಡಿಕೊಂಡರು. ಆಗ ಶುರುವಾಯಿತು ನೋಡಿ. ಪ್ರತಿ ವಾರ ಗುಜರಿ ಅಂಗಡಿ ಸುತ್ತಿ ಹಿತ್ತಾಳೆ ಚೊಂಬು, ಕಂಚಿನ ತಟ್ಟೆ, ತೂಗುದೀಪ, ಕಡೆಗೋಲು ಏನಾದರೂ ತರುತ್ತಾರೆ. ಮಗಳ ರೂಮು ತುಂಬಿತು, ಈಗ ಹಜಾರಕ್ಕೆ ಬಂದಿದೆ. ಕೇಳಿದರೆ ಸಿಟ್ಟು. ಇದು ಹವ್ಯಾಸವೋ, ಕಾಯಿಲೆಯೋ? (ಗೃಹಿಣಿ, ಚಿಕ್ಕಮಗಳೂರು)

ಉತ್ತರ: ನಿಮ್ಮ ಪತ್ರದಲ್ಲೇ ಉತ್ತರ ಅರ್ಧ ಇದೆ ತಂಗಿ. ಅವರು ತರುವ ಸಾಮಾನಿನ ಪಟ್ಟಿಯನ್ನು ಇನ್ನೊಂದು ಸಲ ಓದಿ. ಚೊಂಬು, ತಟ್ಟೆ, ತೂಗುದೀಪ, ಕಡೆಗೋಲು. ಇವೆಲ್ಲ ಒಂದು ಅಡುಗೆಮನೆಯ, ಒಂದು ದೇವರಮನೆಯ ಸಾಮಾನು. ಮಾರಿಹೋದ ಮನೆಯನ್ನು ಅವರು ಒಂದೊಂದೇ ಚೊಂಬಾಗಿ ವಾಪಸ್ ಕೊಳ್ಳುತ್ತಿದ್ದಾರೆ ಎಂದು ನನಗೆ ಅನಿಸುತ್ತದೆ. ಅಮ್ಮನ ಪಾತ್ರೆಗಳು ಪಾಲಿನಲ್ಲಿ ಯಾರ ಮನೆಗೆ ಹೋದವು ಎಂದು ಒಮ್ಮೆ ಮೆಲ್ಲಗೆ ಕೇಳಿ ನೋಡಿ. ಬೈದು ಕೇಳಬೇಡಿ, ಕಾಫಿ ಕುಡಿಯುವಾಗ ಕೇಳಿ.

ದೊಡ್ಡವರಿಗೂ ಹೀಗೆ ಆಗಿದೆ. ಮನಸ್ಸಿನ ಒಳಗನ್ನು ಬಗೆದು ನೋಡಿದ ಸಿಗ್ಮಂಡ್ ಫ್ರಾಯ್ಡ್ ಅವರ ತಂದೆ 1896ರಲ್ಲಿ ತೀರಿಕೊಂಡರು. ಹಳೇ ಮೂರ್ತಿಗಳನ್ನು ಕೊಳ್ಳುವ ಅವರ ಅಭ್ಯಾಸ ಹಿಡಿದುಕೊಂಡದ್ದು ಆ ಸಾವಿನ ಹಿಂದೆಯೇ. ಕೊನೆಗೆ ಎರಡು ಸಾವಿರಕ್ಕೂ ಹೆಚ್ಚು ವಸ್ತು ಸೇರಿದವು. ಬರೆಯುವ ಮೇಜಿನ ಮೇಲೂ ಸಾಲಾಗಿ ನಿಲ್ಲಿಸಿಕೊಂಡಿದ್ದರು. ಲಂಡನ್ನಿನಲ್ಲಿ ಅವರಿದ್ದ ಮನೆ ಈಗ ಮ್ಯೂಸಿಯಂ ಆಗಿದೆ, ಆ ಮೇಜು ಇವತ್ತಿಗೂ ಅಲ್ಲಿದೆ.

ಕಾಯಿಲೆಯ ಮಾತಿಗೆ ಬರೋಣ. ಬೇಡದ್ದನ್ನೂ ಬಿಡಲಾರದೆ ಕೂಡಿಡುವುದನ್ನು ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಬೇರೆಯದೇ ಕಾಯಿಲೆ ಎಂದು ಪಟ್ಟಿಗೆ ಸೇರಿಸಿತು. ಎಷ್ಟು ಸಾಮಾನಿದೆ ಎಂಬ ಲೆಕ್ಕ ಅಲ್ಲಿ ಮುಖ್ಯವಲ್ಲ. ಬಿಸಾಡಬೇಕು ಎಂದರೆ ಜೀವ ಹೋದ ಹಾಗಾಗುತ್ತದೆಯೇ? ಮಲಗುವ ಕೋಣೆಯಲ್ಲಿ ಮಲಗಲು, ಅಡುಗೆಮನೆಯಲ್ಲಿ ಅಡುಗೆ ಮಾಡಲು ಆಗದಷ್ಟು ತುಂಬಿದೆಯೇ? ನೋಡಬೇಕಾದದ್ದು ಇದನ್ನು. ಆ ಕಾಯಿಲೆ ಇದ್ದವರ ಮನೆಯಲ್ಲಿ ಹಳೇ ಪೇಪರು, ಖಾಲಿ ಡಬ್ಬ, ಹರಿದ ಚೀಲ ಎಲ್ಲವೂ ಒಂದೇ ರಾಶಿಯಲ್ಲಿ ಬಿದ್ದಿರುತ್ತದೆ. ಸಂಗ್ರಹ ಮಾಡುವವರು ಹಾಗಲ್ಲ. ಅವರು ಆರಿಸುತ್ತಾರೆ, ಒರೆಸುತ್ತಾರೆ, ಬಂದವರಿಗೆ ತೋರಿಸುತ್ತಾರೆ. ನಿಮ್ಮ ಯಜಮಾನರನ್ನು ಆ ರೂಮಿಗೆ ಕರೆದುಕೊಂಡು ಹೋಗಿ ಯಾವುದಾದರೂ ಮೂರು ವಸ್ತು ಎತ್ತಿಕೊಡಿ. ಎಲ್ಲಿ ಸಿಕ್ಕಿತು, ಯಾಕೆ ತಂದಿರಿ ಎಂದು ಕೇಳಿ. ಕಣ್ಣಲ್ಲಿ ಬೆಳಕು ಬಂದು ಮಾತಾಡಿದರೆ ಹೆದರಬೇಡಿ. ಯಾವುದು ಎಂದೇ ನೆನಪಾಗದಿದ್ದರೆ, ಬೆಲೆಯನ್ನು ಮುಚ್ಚಿಡುತ್ತಿದ್ದರೆ, ರಾತ್ರಿ ನಿದ್ದೆ ಬಿಟ್ಟಿದ್ದರೆ, ಡಾಕ್ಟರ ಹತ್ತಿರ ಮಾತಾಡಿ. ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ ಇದೆ, 14416. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ನನ್ನದೇ ಒಂದು ಮಾತು ಹೇಳುತ್ತೇನೆ. ನಾನು ಅಳತೆ ಪಾತ್ರೆಗಳನ್ನು ಕೂಡಿಸುತ್ತೇನೆ. ಮದುವೆಯಾಗಿ ಬಂದಾಗ ಅತ್ತೆಮನೆಯಲ್ಲಿ ಒಂದು ಪಾವು, ಒಂದು ಸೇರು ಇದ್ದವು. ಸೇರಿನ ಬಾಯಂಚಿನ ಕೆಳಗೆ ಉಗುರಿನಷ್ಟು ಸಣ್ಣ ಮುದ್ರೆಗಳು ಒಂದರ ಪಕ್ಕ ಒಂದಿವೆ. ತಪಾಸಣೆಗೆ ಬಂದ ಅಧಿಕಾರಿ ಅಳತೆ ಸರಿ ಇದೆ ಎಂದು ಒತ್ತಿದ ಗುರುತು ಅವು. ಒಂದರಲ್ಲಿ 47 ಎಂದು ಈಗಲೂ ಓದಬಹುದು. 1958ರಿಂದ ಹಂತ ಹಂತವಾಗಿ ಕೆ.ಜಿ., ಲೀಟರ್ ಬಂದವು, ಸೇರಿಗೆ ಮುದ್ರೆ ಬೀಳುವುದು ನಿಂತಿತು. ಎರಡು ಪಾವಿಗೆ ಒಂದು ಅಚ್ಚೇರು, ಎರಡು ಅಚ್ಚೇರಿಗೆ ಒಂದು ಸೇರು. ನನಗೆ ಅಚ್ಚೇರೇ ಇರಲಿಲ್ಲ. ಹಲ್ಲು ಬಿದ್ದ ಜಾಗಕ್ಕೆ ನಾಲಿಗೆ ಹೋಗುವ ಹಾಗೆ ಮನಸ್ಸು ಹನ್ನೊಂದು ವರ್ಷ ಅಲ್ಲಿಗೇ ಹೋಯಿತು. ಯಾರ ಮನೆಗೆ ಹೋದರೂ ಕಣ್ಣು ಅಡುಗೆಮನೆ ಕಡೆಗೆ. ಸಿಕ್ಕಿದ ದಿನ ಕುಣಿಯುವಷ್ಟು ಖುಷಿ. ವಾರ ಕಳೆಯುವಷ್ಟರಲ್ಲಿ ಕೊಳಗ ಬೇಕು ಅನಿಸಿತು! ಆದ್ದರಿಂದ ನಿಮ್ಮ ಯಜಮಾನರ ಚಡಪಡಿಕೆ ನನಗೆ ಚೆನ್ನಾಗಿ ಗೊತ್ತು. ಹುಡುಕಾಟದ ಸುಖವೇ ಜಾಸ್ತಿ. ಆ ಅಚ್ಚೇರಿನ ಕಥೆ ಇನ್ನೂ ಇದೆ, ಕೊನೆಯ ಪತ್ರಕ್ಕೆ ಉತ್ತರ ಬರೆಯುವಾಗ ಹೇಳುತ್ತೇನೆ.

ಹಜಾರ ಉಳಿಯಬೇಕಾದರೆ ಇಬ್ಬರೂ ಕೂತು ಒಂದು ಕಟ್ಟು ಮಾಡಿಕೊಳ್ಳಿ. ನ್ಯೂಯಾರ್ಕಿನಲ್ಲಿ ಹರ್ಬರ್ಟ್ ಮತ್ತು ಡೊರೊಥಿ ವೋಗೆಲ್ ಎಂಬ ಗಂಡಹೆಂಡತಿ ಇದ್ದರು. ಆತ ಅಂಚೆ ಇಲಾಖೆಯ ನೌಕರ, ಆಕೆ ಲೈಬ್ರರಿಯಲ್ಲಿ. ಆಕೆಯ ಸಂಬಳದಲ್ಲಿ ಮನೆ ನಡೆಯುತ್ತಿತ್ತು, ಆತನ ಸಂಬಳ ಪೂರಾ ಚಿತ್ರ, ಶಿಲ್ಪಗಳಿಗೆ. ಕೈಗೆಟುಕುವ ಬೆಲೆ ಇರಬೇಕು, ತಮ್ಮ ಒಂದು ಬೆಡ್‌ರೂಮಿನ ಮನೆಯಲ್ಲಿ ಹಿಡಿಸಬೇಕು, ಇಷ್ಟೇ ಅವರ ನಿಯಮ. ಹಾಗೇ ನಾಲ್ಕು ಸಾವಿರಕ್ಕೂ ಹೆಚ್ಚು ಕಲಾಕೃತಿ ಸೇರಿದವು, ಮಂಚದ ಕೆಳಗೂ ತುಂಬಿದ್ದವು. 1992ರಲ್ಲಿ ಅದನ್ನು ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಗೆ ಒಪ್ಪಿಸುವ ತೀರ್ಮಾನ ಮಾಡಿದರು. ಲಾಭಕ್ಕೆಂದು ಮಾರಲೇ ಇಲ್ಲ. ನನಗೆ ಈ ಜೋಡಿಯಲ್ಲಿ ಇಷ್ಟವಾಗುವುದು ಏನು ಗೊತ್ತಾ? ಇಬ್ಬರೂ ಸೇರಿ ಆರಿಸುತ್ತಿದ್ದರು. ನಿಮ್ಮ ಮನೆಯಲ್ಲಿ ಒಬ್ಬರೇ ಕೊಳ್ಳುತ್ತಿದ್ದಾರೆ, ಇನ್ನೊಬ್ಬರು ಒಬ್ಬರೇ ಧೂಳು ಹೊಡೆಯುತ್ತಿದ್ದಾರೆ. ಮುಂದಿನ ವಾರ ಗುಜರಿ ಅಂಗಡಿಗೆ ನೀವೂ ಹೋಗಿ.

ಪ್ರಶ್ನೆ: ಅಜ್ಜಿಯ ಕಾಲದ ಹಿತ್ತಾಳೆ ದೀಪ ಕಪ್ಪಾಗಿದೆ. ಹುಣಸೆಹಣ್ಣು ಹಾಕಿ ಉಜ್ಜಬಹುದಾ? (ಅರಸೀಕೆರೆಯಿಂದ)

ಉತ್ತರ: ದಿನಾ ಹಚ್ಚುವ ದೀಪವಾದರೆ ಉಜ್ಜಿ, ಅದು ದೇವರ ಕೆಲಸದ ವಸ್ತು. ಹುಳಿ ಉಳಿಯದ ಹಾಗೆ ತೊಳೆದು ಒಣ ಬಟ್ಟೆಯಲ್ಲಿ ಒರೆಸಿ. ಹಚ್ಚುವುದಿಲ್ಲ, ಇಟ್ಟುಕೊಳ್ಳುತ್ತೇವೆ ಅಷ್ಟೇ ಎಂದಾದರೆ ಕಪ್ಪನ್ನು ತೆಗೆಯಬೇಡಿ. ಆ ಪೊರೆ ಕೂರಲು ನೂರು ವರ್ಷ ಹಿಡಿದಿರುತ್ತದೆ, ಹೋಗಲು ಹತ್ತು ನಿಮಿಷ ಸಾಕು. ಅಕ್ಷರ ಕೆತ್ತಿದ್ದರೆ ಹುಳಿ ಮುಟ್ಟಿಸಲೇಬೇಡಿ. ಹಳೇ ಪಾತ್ರೆಗಳ ಮೇಲೆ ಕೊಟ್ಟವರ ಹೆಸರು, ಮದುವೆಯ ತಾರೀಖು ಕೆತ್ತಿಸುತ್ತಿದ್ದರು. ಉಜ್ಜಿ ಉಜ್ಜಿ ಅದು ಸವೆದುಹೋದ ಎಷ್ಟೋ ಪಾತ್ರೆ ನೋಡಿದ್ದೇನೆ, ಹೊಟ್ಟೆ ಉರಿಯುತ್ತದೆ.

ಪ್ರಶ್ನೆ: ಸಕಲೇಶಪುರದ ಹತ್ತಿರ ನಮ್ಮದು ಕಾಫಿ ತೋಟ, ಚಿಕ್ಕ ಹೋಂಸ್ಟೇ ಕೂಡ ಇದೆ. ತೋಟದ ಅಂಚಿನಲ್ಲಿ ಗಿಡ ಸವರಿದಾಗ ಅರ್ಧ ಹೂತ ಕಲ್ಲೊಂದು ಕಂಡಿತು. ಕತ್ತಿ ಹಿಡಿದ ಆಳು, ಮೇಲೆ ಲಿಂಗ ಇದೆ. ಹೋಂಸ್ಟೇ ಅಂಗಳದಲ್ಲಿ ನಿಲ್ಲಿಸಿದರೆ ಚೆನ್ನಾಗಿರುತ್ತೆ ಅಂತ ಆಸೆ. ಬೆಂಗಳೂರಿನಿಂದ ಬಂದ ಅತಿಥಿಯೊಬ್ಬರು ಎರಡು ಲಕ್ಷ ಕೊಡುತ್ತೇನೆ ಎಂದಿದ್ದಾರೆ. ಏನು ಮಾಡಲಿ? (ಕಾಫಿ ಬೆಳೆಗಾರ)

ಉತ್ತರ: ಮೊದಲು ಅದನ್ನು ಅಲ್ಲಾಡಿಸಬೇಡಿ. ಆಮೇಲೆ ಉಳಿದ ಮಾತು.

ನೀವು ಹೇಳಿದ್ದು ವೀರಗಲ್ಲು. ನಮ್ಮ ಜಿಲ್ಲೆಯಲ್ಲಿ ಊರು ಊರಿಗೂ ಇವೆ. ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಯಲ್ಲಿ ಅವನು ಕಾದಾಡುತ್ತಿರುತ್ತಾನೆ. ನಡುವಿನದರಲ್ಲಿ ಅಪ್ಸರೆಯರು ಅವನನ್ನು ಎರಡೂ ಕಡೆ ಹಿಡಿದು ಮೇಲಕ್ಕೆ ಕರೆದೊಯ್ಯುತ್ತಾರೆ. ಮೇಲಿನದರಲ್ಲಿ ಅವನು ಲಿಂಗದ ಮುಂದೆ ಕೂತಿರುತ್ತಾನೆ. ಪಟ್ಟಿಗಳ ನಡುವಿನ ಅಂಚಿನಲ್ಲಿ ಅಕ್ಷರ ಇರಬಹುದು, ಪಾಚಿ ಇದ್ದರೆ ಕಾಣುವುದಿಲ್ಲ. ದನ ಹೊಡೆದುಕೊಂಡು ಹೋಗಲು ಬಂದವರ ಜೊತೆ ಹೋರಾಡಿ ಸತ್ತವರೇ ಇವರಲ್ಲಿ ಎಷ್ಟೋ ಜನ. ಶಾಸನಗಳಲ್ಲಿ ಇದಕ್ಕೆ ತುರುಗೋಳು ಎನ್ನುತ್ತಾರೆ. ಸತ್ತವನ ಮನೆಯವರಿಗೆ ಊರು ಭೂಮಿ ಕೊಡುತ್ತಿತ್ತು, ಅದಕ್ಕೆ ನೆತ್ತರುಗೊಡಗಿ ಎಂದು ಹೆಸರು. ನಿಮ್ಮ ತೋಟದ ಒಂದು ಮೂಲೆಯೇ ಹಾಗೆ ಕೊಟ್ಟ ಭೂಮಿ ಇದ್ದರೂ ಇರಬಹುದು, ಅಲ್ವಾ? ಕಲ್ಲನ್ನು ಅಂಗಳಕ್ಕೆ ತಂದು ನಿಲ್ಲಿಸಿದ ದಿನ ಈ ಪ್ರಶ್ನೆ ಕೇಳುವ ದಾರಿಯೇ ಮುಚ್ಚುತ್ತದೆ. ಯಾವ ದಿಕ್ಕಿಗೆ ಮುಖ ಮಾಡಿತ್ತು, ಪಕ್ಕದಲ್ಲಿ ಇನ್ನೊಂದು ಇತ್ತಾ, ಹಳೇ ದಾರಿ ಎಲ್ಲಿ ಹಾದುಹೋಗುತ್ತಿತ್ತು ಎಂಬುದು ಆ ಜಾಗದಲ್ಲಿ ಇದ್ದರೆ ಮಾತ್ರ ತಿಳಿಯುತ್ತದೆ.

ಕಾನೂನೂ ಇದೆ. ಪ್ರಾಚೀನ ವಸ್ತುಗಳು ಮತ್ತು ಕಲಾ ನಿಧಿಗಳ ಕಾಯ್ದೆ 1972ರದು, ಜಾರಿಗೆ ಬಂದದ್ದು 1976ರಲ್ಲಿ. ನೂರು ವರ್ಷ ದಾಟಿದ ಶಿಲ್ಪ ಅದರ ಕೆಳಗೆ ಬರುತ್ತದೆ. ಕಲ್ಲಿನ ಶಿಲ್ಪ ಇಟ್ಟುಕೊಂಡವರು ನೋಂದಣಿ ಮಾಡಿಸಬೇಕು. ಪರವಾನಗಿ ಇಲ್ಲದೆ ವ್ಯಾಪಾರ ಮಾಡುವಂತಿಲ್ಲ. ದೇಶದಾಚೆ ಸಾಗಿಸಿದರೆ 6 ತಿಂಗಳಿಂದ 3 ವರ್ಷದವರೆಗೆ ಜೈಲು. ನೆಲದಲ್ಲಿ ಹೂತದ್ದು ಸಿಕ್ಕಿದರೆ ಜಿಲ್ಲಾಧಿಕಾರಿಗೆ ತಿಳಿಸಬೇಕು, ಅದಕ್ಕೆ ರಾಜ್ಯದ್ದೇ 1962ರ ನಿಧಿ ಕಾಯ್ದೆ ಇದೆ.

ಎರಡು ಲಕ್ಷದ ಅತಿಥಿ ಒಳ್ಳೆಯವರೇ ಇರಬಹುದು. ಆದರೆ ಅವರ ಕೈಯಿಂದ ಅದು ಎಲ್ಲಿಗೆ ಹೋಗುತ್ತದೆ ಎಂದು ನಿಮಗಾಗಲೀ ಅವರಿಗಾಗಲೀ ಗೊತ್ತಿಲ್ಲ. ತಮಿಳುನಾಡಿನ ಶ್ರೀಪುರಂದಾನ್ ಎಂಬ ಊರಿನ ದೇವಸ್ಥಾನದಿಂದ ನಟರಾಜ ಕಳುವಾಯಿತು. ಅದನ್ನು 2008ರಲ್ಲಿ ಐವತ್ತು ಲಕ್ಷ ಡಾಲರ್ ಆಸುಪಾಸಿನ ಬೆಲೆಗೆ ಕೊಂಡದ್ದು ಆಸ್ಟ್ರೇಲಿಯಾದ ರಾಷ್ಟ್ರೀಯ ಕಲಾ ಗ್ಯಾಲರಿ. ಅಷ್ಟು ದೊಡ್ಡ ಸಂಸ್ಥೆ, ಅಷ್ಟು ಜನ ತಜ್ಞರು. ಮೂರ್ತಿ ಎಲ್ಲಿಂದ ಬಂತು ಎಂದು ತೋರಿಸಿದ ಕಾಗದವೇ ಸುಳ್ಳಾಗಿತ್ತು. 2014ರಲ್ಲಿ ವಾಪಸ್ ಕೊಟ್ಟರು. ಮಾರಿದ ವ್ಯಾಪಾರಿ ಸುಭಾಷ್ ಕಪೂರ್ ಜೈಲು ಸೇರಿದ. ಅಂಥ ಸಾಲಿನ ಮೊದಲ ಕೊಂಡಿ ಯಾವುದೋ ಊರಿನ ಅಂಚಿನಲ್ಲಿ, ಕಾರಿನ ಡಿಕ್ಕಿ ತೆರೆದಾಗ ಶುರುವಾಗಿರುತ್ತದೆ.

ಈಗ ಮಾಡಬೇಕಾದದ್ದು. ಪಕ್ಕದಲ್ಲಿ ಸ್ಕೇಲ್ ಇಟ್ಟು ನಾಲ್ಕು ಕಡೆಯಿಂದ ಫೋಟೋ ತೆಗೆಯಿರಿ. ಬೆಳಗ್ಗೆ ಏಳು ಎಂಟರ ಓರೆ ಬಿಸಿಲಿನಲ್ಲಿ ಅಕ್ಷರ ಚೆನ್ನಾಗಿ ಕಾಣುತ್ತವೆ. ಸುಣ್ಣ, ಸೀಮೆಸುಣ್ಣ, ಎಣ್ಣೆ ಬಳಿಯಬೇಡಿ. ತಂತಿ ಬ್ರಷ್ ಅಂತೂ ಬೇಡವೇ ಬೇಡ. ಫೋಟೋ ಸಮೇತ ಜಿಲ್ಲಾಧಿಕಾರಿಗೂ ತಹಶೀಲ್ದಾರರಿಗೂ ರಾಜ್ಯ ಪುರಾತತ್ವ ಇಲಾಖೆಗೂ ಪತ್ರ ಬರೆಯಿರಿ, ಸ್ವೀಕೃತಿ ಇಟ್ಟುಕೊಳ್ಳಿ. ಅಕ್ಷರ ಇದ್ದರೆ, ಹಳೇ ಮೈಸೂರಿನ ಶಾಸನಗಳನ್ನು ಓದಿಸಿ ಅಚ್ಚು ಹಾಕಿಸಿದ ಬಿ.ಎಲ್. ರೈಸ್ ಅವರ ಶಾಸನ ಸಂಪುಟದಲ್ಲಿ ಬಂದಿದೆಯೇ ನೋಡಿ. ಹಾಸನ ಜಿಲ್ಲೆಯ ಸಂಪುಟ 1902ರದು. ನೂರಿಪ್ಪತ್ತು ವರ್ಷದ ಹಿಂದೆಯೇ ಯಾರೋ ನಿಮ್ಮ ತೋಟಕ್ಕೆ ಬಂದು ಓದಿಕೊಂಡು ಹೋಗಿದ್ದರೆ ಎಷ್ಟು ಚೆನ್ನ!

ಅಂಗಳಕ್ಕೆ ಏನೂ ಬೇಡವೇ? ಕಲ್ಲಿನ ಹತ್ತಿರಕ್ಕೆ ಒಂದು ಕಾಲುದಾರಿ ಮಾಡಿ. ಅತಿಥಿಗಳನ್ನು ಅಲ್ಲಿಗೇ ನಡೆಸಿಕೊಂಡು ಹೋಗಿ ಈ ಕಥೆ ಹೇಳಿ. ಕಾಫಿ ಹೂವಿನ ಸಮಯದಲ್ಲಿ ಕರೆದರೆ ನಾನೂ ಬರುತ್ತೇನೆ.

ಪ್ರಶ್ನೆ: ಮೂಡಿಗೆರೆ ಕಡೆಯ ನಮ್ಮ ಹಳೇ ಮನೆ ಗೋಡೆಯಲ್ಲಿ ಕಡವೆ ಕೊಂಬು ಇದೆ, ತಾತನ ಕಾಲದ್ದು. ತಂಗಿಯ ಹೊಸ ಮನೆಗೆ ಉಡುಗೊರೆ ಕೊಡಬಹುದಾ?

ಉತ್ತರ: ಬೇಡ. ವನ್ಯಜೀವಿ ಕಾಯ್ದೆ 1972ರದು. ಕೊಂಬು, ಉಗುರು, ದಂತ, ಚರ್ಮ ಇಟ್ಟುಕೊಳ್ಳಲು ಮಾಲೀಕತ್ವದ ಪ್ರಮಾಣಪತ್ರ ಬೇಕು. ಹಾಗೆ ಇದ್ದದ್ದನ್ನು ಘೋಷಿಸಿಕೊಳ್ಳಲು ಕೇಂದ್ರ ಸರ್ಕಾರ 2003ರಲ್ಲಿ 180 ದಿನ ಕೊಟ್ಟಿತ್ತು. ತಾತನ ಪೆಟ್ಟಿಗೆಯಲ್ಲಿ ಅಂಥ ಕಾಗದ ಇದೆಯೇ ಮೊದಲು ಹುಡುಕಿ. ಇಲ್ಲದಿದ್ದರೆ ಪರಿಚಯದ ವಕೀಲರನ್ನು ಕೇಳಿ, ನೀವೇ ಅರಣ್ಯ ಇಲಾಖೆಗೆ ಹೋಗಿ ಒಪ್ಪಿಸುವುದು ಒಳ್ಳೆಯದು. 2023ರ ಅಕ್ಟೋಬರಿನಲ್ಲಿ ಹುಲಿ ಉಗುರಿನ ಪೆಂಡೆಂಟ್ ಹಾಕಿಕೊಂಡವರ ಪಾಡು ಏನಾಯಿತು ಎಂದು ಟಿವಿಯಲ್ಲಿ ನೋಡಿದ್ದೀರಿ. ತಂಗಿಗೆ ಒಂದು ಕಂಚಿನ ದೀಪ ಕೊಡಿ.

ಪ್ರಶ್ನೆ: ನಮ್ಮ ತಂದೆ ಬಿಟ್ಟುಹೋದ ಓಲೆಗರಿಯ ಕಟ್ಟು ಇದೆ. ಮೂವರು ಅಣ್ಣತಮ್ಮಂದಿರು, ಒಂದೇ ಕಟ್ಟು. ಗರಿಗಳನ್ನು ಮೂರು ಪಾಲು ಮಾಡಿ ಫ್ರೇಮ್ ಹಾಕಿಸೋಣ ಅಂತ ಕಿರಿಯವನು ಹೇಳುತ್ತಾನೆ. (ಚನ್ನರಾಯಪಟ್ಟಣದಿಂದ)

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ಇದನ್ನು ಓದಿ ನಿದ್ದೆ ಬರಲಿಲ್ಲ ನನಗೆ. ಹೊಲವನ್ನು ಪಾಲು ಮಾಡಿದರೆ ಮೂರೂ ಕಡೆ ರಾಗಿ ಬೆಳೆಯುತ್ತದೆ. ಗ್ರಂಥವನ್ನು ಪಾಲು ಮಾಡಿದರೆ ಮೂವರ ಹತ್ತಿರವೂ ಏನೂ ಉಳಿಯುವುದಿಲ್ಲ. ನಡುವಿನ ಗರಿ ತೆಗೆದರೆ ಪದ್ಯ ಅಲ್ಲಿಗೇ ತುಂಡಾಗುತ್ತದೆ. ಬರೆದವರ ಹೆಸರು, ಇಸವಿ ಸಾಮಾನ್ಯವಾಗಿ ಕೊನೆಯ ಗರಿಯಲ್ಲಿ ಇರುತ್ತದೆ. ಅದು ಯಾರ ಪಾಲಿಗೆ?

ಕಟ್ಟಿನ ದಾರ ಬಿಚ್ಚುವ ಮೊದಲು ಗರಿಗಳ ಕ್ರಮ ಗುರುತು ಮಾಡಿಕೊಳ್ಳಿ. ಎರಡೂ ಬದಿಯ ಮರದ ಪಟ್ಟಿ ಎಸೆಯಬೇಡಿ. ತೊಳೆದ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ, ಪ್ಲಾಸ್ಟಿಕ್ ಕವರಿನಲ್ಲಿ ಬೆವರುತ್ತದೆ. ಓದಿಸಬೇಕು ಎಂದರೆ ದೂರ ಹೋಗಬೇಕಿಲ್ಲ. ನಿಮ್ಮ ತಾಲ್ಲೂಕಿನ ಶ್ರವಣಬೆಳಗೊಳದಲ್ಲೇ ಪ್ರಾಕೃತ ಅಧ್ಯಯನ ಸಂಸ್ಥೆ ಇದೆ, ಅಲ್ಲಿ ಓಲೆಗರಿ ಬಲ್ಲವರಿದ್ದಾರೆ. ಮೂವರೂ ಒಟ್ಟಿಗೆ ಹೋಗಿ. ಪ್ರತಿ ಗರಿಯ ಎರಡೂ ಮುಖದ ಫೋಟೋ ತೆಗೆಸಿದರೆ ಮೂವರಿಗೂ ಒಂದೊಂದು ಪೂರ್ತಿ ಪ್ರತಿ ಸಿಗುತ್ತದೆ. ಕಟ್ಟು ಯಾರ ಮನೆಯಲ್ಲಿರಬೇಕು ಎಂಬ ಜಗಳ ಆಮೇಲೆ ಮಾಡಿ. ಕೈಬರಹಕ್ಕೆ 75 ವರ್ಷ ದಾಟಿದರೇ ಪ್ರಾಚೀನ ವಸ್ತುವಿನ ಕಾಯ್ದೆ ಅನ್ವಯವಾಗಬಹುದು, ಅದೂ ಗೊತ್ತಿರಲಿ.

ಪ್ರಶ್ನೆ: ಮೇಡಂ, ನಾನು ಬೆಂಗಳೂರಿನಲ್ಲಿ ಕೆಲಸ ಮಾಡುತ್ತೇನೆ, ಊರು ಅರಕಲಗೂಡಿನ ಹತ್ತಿರ. ಹಬ್ಬಕ್ಕೆ ಹೋದಾಗ ನಮ್ಮ ಬೀದಿಯ ಅಜ್ಜಿಯೊಬ್ಬರಿಂದ ಹಿತ್ತಾಳೆ ಕಾಲ್ದೀಪ 400 ರೂಪಾಯಿಗೆ ತೆಗೆದುಕೊಂಡೆ. ಅಜ್ಜಿಯೇ ಹೇಳಿದ ಬೆಲೆ. ಬೆಂಗಳೂರಿನ ಅಂಗಡಿಯಲ್ಲಿ ತೋರಿಸಿದರೆ 6,500ಕ್ಕೆ ಕೊಡುತ್ತೀರಾ ಎಂದರು. ಮಾರಲಿಲ್ಲ, ಇಷ್ಟಪಟ್ಟು ಇಟ್ಟುಕೊಂಡಿದ್ದೇನೆ. ಆದರೆ ಅಜ್ಜಿಗೆ ಹೇಳಬೇಕಾ? ನಾನು ಮೋಸ ಮಾಡಿದ್ದೇನಾ?

ಉತ್ತರ: ಹೇಳಬೇಕಪ್ಪಾ. ಮೋಸ ಮಾಡಬೇಕು ಎಂದು ನೀನು ಹೊರಟಿರಲಿಲ್ಲ, ಅದು ನನಗೆ ಗೊತ್ತಾಗುತ್ತದೆ. ಹಾಗಿದ್ದರೆ ಈ ಪತ್ರವನ್ನೇ ಬರೆಯುತ್ತಿರಲಿಲ್ಲ. ಆದರೆ ಆ 400 ಎಲ್ಲಿಂದ ಬಂತು ಎಂದು ಯೋಚನೆ ಮಾಡು.

1990ರಲ್ಲಿ ಕಾನೆಮನ್, ನೆಚ್, ಥೇಲರ್ ಎಂಬ ಮೂವರು ಸಂಶೋಧಕರು ಒಂದು ಪರೀಕ್ಷೆಯ ಫಲ ಪ್ರಕಟಿಸಿದರು. ಅಮೆರಿಕದ ವಿದ್ಯಾರ್ಥಿಗಳಲ್ಲಿ ಅರ್ಧ ಜನಕ್ಕೆ ಕಾಫಿ ಕಪ್ ಕೊಟ್ಟರು. ಎಷ್ಟಕ್ಕೆ ಮಾರುತ್ತೀರಿ ಎಂದು ಅವರನ್ನು ಕೇಳಿದರು, ಎಷ್ಟಕ್ಕೆ ಕೊಳ್ಳುತ್ತೀರಿ ಎಂದು ಉಳಿದವರನ್ನು ಕೇಳಿದರು. ಕಪ್ ಕೈಗೆ ಬಂದು ಸ್ವಲ್ಪ ಹೊತ್ತಾಗಿತ್ತಷ್ಟೇ. ಆದರೂ ಕಪ್ ಇದ್ದವರು, ಕೊಳ್ಳುವವರು ಹೇಳಿದ ಬೆಲೆಯ ಎರಡು ಪಟ್ಟು ಮೀರಿ ಕೇಳಿದರು. ತನ್ನದು ಎಂದ ಕೂಡಲೇ ಬೆಲೆ ಏರುತ್ತದೆ. ಈಗ ನಿನ್ನ ಅಜ್ಜಿಯನ್ನು ನೋಡು. ಜೀವಮಾನವೆಲ್ಲ ಸಂಜೆ ಹಚ್ಚಿದ ದೀಪಕ್ಕೆ 400 ಹೇಳಿದರು. ಅದು ದೀಪದ ಬೆಲೆ ಅಲ್ಲ. ಗುಜರಿಯವನು ತೂಕಕ್ಕೆ ಹೇಳಿದ್ದು ಇರಬಹುದು. ಆ ವಾರದ ಮಾತ್ರೆಯ ಖರ್ಚಿರಬಹುದು. ಬೀದಿಯ ಹುಡುಗ ಕೇಳುತ್ತಿದ್ದಾನೆ, ಜಾಸ್ತಿ ಹೇಳಬಾರದು ಎಂಬ ಸಂಕೋಚವೂ ಇರಬಹುದು.

ಈ ಸಂಕೋಚದ ವಿಷಯ ನನಗೆ ಗೊತ್ತಿರುವುದಕ್ಕೆ ಕಾರಣ ನನ್ನ ಅಚ್ಚೇರು. 1994ನೇ ಇಸವಿ. ಆಲೂರು ಕಡೆಯ ಹೈಸ್ಕೂಲಿನಲ್ಲಿ ಪಾಠ ಮಾಡುತ್ತಿದ್ದೆ. ಎಂಟನೇ ಕ್ಲಾಸಿನ ಹುಡುಗ ಹದಿನೈದು ದಿನ ಬರಲಿಲ್ಲ ಎಂದು ಅವನ ಮನೆಗೆ ಹೋದೆ. ಅಜ್ಜಿ ಮೊರದ ಮುಂದೆ ಕೂತು ರಾಗಿ ಅಳೆಯುತ್ತಿದ್ದರು. "ಲಾಭ" ಎಂದು ಮೊದಲನೆಯದು, ಆಮೇಲೆ ಎರಡು, ಮೂರು. ಕೈಯಲ್ಲಿ ಇದ್ದದ್ದು ಹಿತ್ತಾಳೆಯ ಅಚ್ಚೇರು. ಹೊಟ್ಟೆಯ ಹತ್ತಿರ ಒಂದು ನೆಗ್ಗು. ಬಾಯಂಚು ಒಂದು ಕಡೆ ಮಾತ್ರ ಸವೆದು ತೆಳ್ಳಗಾಗಿತ್ತು, ಯಾವಾಗಲೂ ಆ ಕಡೆಯಿಂದಲೇ ರಾಗಿ ಬಾಚುತ್ತಿದ್ದರಿಂದ. ಹುಡುಗನ ಜ್ವರದ ವಿಷಯ ಕೇಳಿದೆ. ಕಣ್ಣು ಮಾತ್ರ ಅಚ್ಚೇರಿನ ಮೇಲೆ. ಏಳುವಾಗ ಬಾಯಿಬಿಟ್ಟು ಕೇಳಿಯೇಬಿಟ್ಟೆ. ಅಜ್ಜಿ ಒಂದು ಗಳಿಗೆ ಸುಮ್ಮನಿದ್ದರು. ಆಮೇಲೆ "ತಕಳಿ ಮೇಡಮ್ಮೋರೆ, ನಿಮ್ಗಿಂತ ಹೆಚ್ಚಾ ಇದು" ಎಂದು ಕೊಟ್ಟರು. ಮುಂದಿನ ವಾರ ನಾನು ಮೂರು ಸ್ಟೀಲ್ ಡಬ್ಬ ಕೊಂಡು ಕಳಿಸಿದೆ. ಋಣ ತೀರಿತು ಎಂದುಕೊಂಡೆ.

ಮೊಮ್ಮಗನಿಗೆ ಪಾಠ ಹೇಳುವವರು ಮನೆ ಬಾಗಿಲಿಗೆ ಬಂದು ಕೇಳಿದರೆ ಇಲ್ಲ ಎನ್ನುವುದು ಹೇಗೆ? ಆ ಒಂದು ಗಳಿಗೆಯ ಮೌನ ನನಗೆ ಆಗ ಕೇಳಿಸಲಿಲ್ಲ. ಕೆಲವು ತಿಂಗಳಾದ ಮೇಲೆ ಹುಡುಗನೇ ಹೇಳಿದ. ಅಜ್ಜಿ ಈಗ ಪೌಡರ್ ಡಬ್ಬದಲ್ಲಿ ರಾಗಿ ಅಳೆಯುತ್ತಾರಂತೆ. ಪಕ್ಕದ ಮನೆಯವರು ಕಡ ಒಯ್ದದ್ದನ್ನು ವಾಪಸ್ ಕೊಡುವಾಗ ಹೆಚ್ಚುಕಮ್ಮಿ ಎಂದು ಜಗಳವಂತೆ. ಆ ಬೀದಿಯವರೆಲ್ಲ ಕಡ ಕೊಡುವುದು, ತೀರಿಸುವುದು ಆ ಅಚ್ಚೇರಿನಲ್ಲೇ ಆಗಿತ್ತು. ನಾನು ಒಂದು ಬೀದಿಯ ಅಳತೆಯನ್ನೇ ಎತ್ತಿಕೊಂಡು ಬಂದು ಶೋಕೇಸಿನಲ್ಲಿ ಇಟ್ಟಿದ್ದೆ.

ಅದನ್ನು ಕೇಳಿದ ಮೇಲೂ ಒಂದು ವರ್ಷ ಸುಮ್ಮನಿದ್ದೆ. ಹೇಳಲು ಕಷ್ಟವಾಗುತ್ತದೆ, ಆದರೆ ಸುಮ್ಮನಿದ್ದದ್ದು ನಿಜ. ಪಾವು, ಅಚ್ಚೇರು, ಸೇರು ಮೂರೂ ಸಾಲಾಗಿ ನಿಂತಿದ್ದನ್ನು ಒಡೆಯಲು ಮನಸ್ಸು ಬರಲಿಲ್ಲ. ಕೊನೆಗೆ ಒಂದು ಭಾನುವಾರ ಬ್ಯಾಗಿನಲ್ಲಿ ಹಾಕಿಕೊಂಡು ಹೋದೆ. ಅಜ್ಜಿ ಏನೂ ಕೇಳಲಿಲ್ಲ. ಸೆರಗಿನಲ್ಲಿ ಒರೆಸಿದರು, ಸವೆದ ಅಂಚನ್ನು ಬೆರಳಿನಲ್ಲಿ ಮುಟ್ಟಿ ನೋಡಿದರು. ರಾಗಿ ತುಂಬಿಟ್ಟ ವಾಡೆಯ ಹತ್ತಿರ ಹೋಗಿ "ಲಾಭ" ಎಂದು ಒಂದು, ಮತ್ತೆ ಒಂದು ಅಳೆದು ನನ್ನ ಬ್ಯಾಗಿಗೆ ರಾಗಿ ಸುರಿದರು. ಅಚ್ಚೇರನ್ನು ಒಳಗೆ ತೆಗೆದುಕೊಂಡು ಹೋದರು. ಅವರು ತೀರಿಕೊಂಡಾಗ ಹೋಗಿದ್ದೆ, ಅದು ಅಡುಗೆಮನೆಯಲ್ಲೇ ಇತ್ತು.

ಆಮೇಲೆ ನಾನು ಕೊಳ್ಳುವುದನ್ನು ಬಿಟ್ಟಿಲ್ಲ. ಕೊಳ್ಳುವ ಮೊದಲು ಮೂರು ಮಾತು ಕೇಳುತ್ತೇನೆ. ಇದನ್ನು ಈಗಲೂ ಬಳಸುತ್ತೀರಾ? ಇದಕ್ಕೆ ಪೇಟೆಯಲ್ಲಿ ಎಷ್ಟು ಬರುತ್ತದೆ ಎಂದು ಗೊತ್ತಾ? ಮನೆಯಲ್ಲಿ ಇನ್ಯಾರನ್ನಾದರೂ ಕೇಳಬೇಕಾ? ಮೂರನೆಯದನ್ನು ಕೇಳಿದರೆ ಎಷ್ಟೋ ಸಲ ಒಳಗಿನಿಂದ ಸೊಸೆ ಬಂದು ಬೇಡ ಎನ್ನುತ್ತಾಳೆ. ಬರಿಗೈಯಲ್ಲಿ ವಾಪಸ್ ಬರುತ್ತೇನೆ.

ನೀನು ಮುಂದಿನ ಸಲ ಊರಿಗೆ ಹೋದಾಗ ಅಜ್ಜಿಯ ಮಗನೋ ಸೊಸೆಯೋ ಇರುವ ಹೊತ್ತು ನೋಡಿಕೊಂಡು ಹೋಗು. ಬೀದಿಯಲ್ಲಿ ನಿಂತು ಹೇಳಬೇಡ, ಒಳಗೆ ಹೋಗಿ ಕೂತುಕೋ. ಅಂಗಡಿಯವನು 6,500 ಹೇಳಿದ ಎಂದು ಮೊದಲು ಹೇಳು, ಆಮೇಲೆ ಮಾತು. ಅವರು ದೀಪ ವಾಪಸ್ ಬೇಕು ಎನ್ನಬಹುದು, ಇನ್ನಷ್ಟು ದುಡ್ಡು ಎನ್ನಬಹುದು, ಇರಲಿ ಇಟ್ಟುಕೋ ಮಗ ಎನ್ನಬಹುದು. ಹಾಗೆಂದರೂ ಒಂದೇ ಸಲಕ್ಕೆ ಒಪ್ಪಿಕೊಂಡು ಎದ್ದು ಬರಬೇಡ. ಮತ್ತೆ ಫೋಟೋ ತೋರಿಸಿ ಕೇಳಬೇಡಪ್ಪಾ, ದೀಪವನ್ನೇ ತೆಗೆದುಕೊಂಡು ಹೋಗು. ಅಜ್ಜಿ ಅದನ್ನು ಕೈಯಲ್ಲಿ ಹಿಡಿದುಕೊಂಡು ಬೆಲೆ ಹೇಳಲಿ.